ಫೈಬರ್ ಹಾಕಿಸಿದ ಮೇಲೂ ಸಿಡಿಲಿಗೆ ಮೋಡೆಮ್ ಸುಡುವುದೇಕೆ?

ತೋಟದಮನೆ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಊರಿನಿಂದ ಒಂದೂವರೆ ಕಿಲೋಮೀಟರ್ ಒಳಗಿರುವ ಒಂಟಿ ಮನೆ. ತಾಮ್ರದ ತಂತಿಯ ದೂರವಾಣಿ ಇದ್ದ ಕಾಲದಲ್ಲಿ ಭರಣಿ, ಕೃತ್ತಿಕಾ ಮಳೆಯ ಹೊತ್ತಿಗೆ ವರ್ಷಕ್ಕೊಂದು ಮೋಡೆಮ್ ಸುಟ್ಟುಹೋಗುವುದು ನಮಗೆ ಅಭ್ಯಾಸವೇ ಆಗಿಬಿಟ್ಟಿತ್ತು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಇನ್ನು ಸಿಡಿಲಿಗೆ ಹೆದರಬೇಕಿಲ್ಲ ಎಂದು ಎಲ್ಲರೂ ಹೇಳಿದ್ದರಿಂದ ಮೂರು ವರ್ಷದ ಹಿಂದೆ ಆ ಸಂಪರ್ಕವನ್ನು ಪಡೆದೆವು. ಆದರೂ ಈ ಮೂರು ವರ್ಷದಲ್ಲಿ ಎರಡು ಮೋಡೆಮ್ ಹೋಗಿವೆ.

ಎರಡನೆಯದು ಹೋದದ್ದು ಕಳೆದ ವಾರ. ಸಂಜೆ ನಾಲ್ಕರ ಹೊತ್ತಿಗೆ ಮೋಡ ಕಟ್ಟಿ, ಇನ್ನೂ ನಾಲ್ಕು ಹನಿ ಬೀಳುವ ಮೊದಲೇ ತೋಟದಾಚೆಯ ದಿಬ್ಬದ ಮೇಲಿದ್ದ ಮತ್ತಿ ಮರಕ್ಕೆ ಸಿಡಿಲು ಬಡಿಯಿತು. ಮರ ಮನೆಯಿಂದ ಸುಮಾರು 200 ಮೀಟರ್ ದೂರದಲ್ಲಿದೆ. ಮರುದಿನ ಹೋಗಿ ನೋಡಿದರೆ ತುದಿಯಿಂದ ಬುಡದವರೆಗೆ ತೊಗಟೆ ಕೈಯಗಲದ ಪಟ್ಟಿಯಾಗಿ ಕಿತ್ತುಹೋಗಿತ್ತು. ಮನೆಗೆ ನೇರವಾಗಿ ಏನೂ ತಗುಲಲಿಲ್ಲ. ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಕೂಡ ಬೀಳಲಿಲ್ಲ. ಇನ್ವರ್ಟರ್, ಫ್ರಿಜ್ ಚೆನ್ನಾಗಿಯೇ ಇವೆ. ಮೋಡೆಮ್ ಮಾತ್ರ ಸತ್ತಿತು.

ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾಳೆ. ಇಂಟರ್‌ನೆಟ್ ಇಲ್ಲವೆಂದರೆ ಲ್ಯಾಪ್‌ಟಾಪ್ ಹಿಡಿದು ಗುಡ್ಡ ಹತ್ತಿ ಮೊಬೈಲ್ ಸಿಗ್ನಲ್ ಹುಡುಕಬೇಕು. ಹೀಗಾಗಿ ಇದು ಒಂದು ಮೋಡೆಮ್‌ನ ಬೆಲೆಯ ಪ್ರಶ್ನೆಯಲ್ಲ. ಅಂಗಡಿಯಲ್ಲಿ ಸಿಗುವ ಸ್ಪೈಕ್ ಗಾರ್ಡ್ ಸಾಕೇ? ಮಾಡಿನ ಮೇಲೆ ಮಿಂಚುವಾಹಕ ಹಾಕಿಸಬೇಕೇ? ತಿಳಿದವರು ದಯವಿಟ್ಟು ಹೇಳಿ.

ವೈರಿಂಗ್ ಕೆಲಸದವನು, ಸಾಗರ

ಇಪ್ಪತ್ತೆರಡು ವರ್ಷಗಳಿಂದ ಈ ಭಾಗದ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದೇನೆ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ನನ್ನ ಅರ್ಧ ಕೆಲಸವೇ ಸಿಡಿಲಿನಿಂದ ಹಾಳಾದದ್ದನ್ನು ಸರಿಮಾಡುವುದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಎಂಸಿಬಿ ಇರುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ಗಾಗಿ. ಅದು ಬೀಳಲು ಕೆಲವು ಮಿಲಿಸೆಕೆಂಡುಗಳು ಬೇಕು, ಸಿಡಿಲಿನ ಹೊಡೆತವಾದರೋ ಮೈಕ್ರೋಸೆಕೆಂಡುಗಳಲ್ಲಿ ಬಂದು ಹೋಗಿರುತ್ತದೆ. ಆದ್ದರಿಂದ ಎಂಸಿಬಿ ಬೀಳಲಿಲ್ಲ ಎಂಬುದರಿಂದ ಲೈನಿನಲ್ಲಿ ಏನೂ ಬರಲಿಲ್ಲ ಎಂದು ಹೇಳಲಾಗದು. ಸ್ಟೆಬಿಲೈಸರ್‌ನಿಂದಲೂ ಈ ಕೆಲಸ ಆಗುವುದಿಲ್ಲ.

ಇದಕ್ಕೆಂದೇ ಇರುವುದು ಎಸ್‌ಪಿಡಿ, ಎಂದರೆ ಸರ್ಜ್ ಪ್ರೊಟೆಕ್ಟರ್. ಅದರೊಳಗೆ ಸತುವಿನ ಆಕ್ಸೈಡಿನ ಬಿಲ್ಲೆಗಳಿರುತ್ತವೆ. ಸಾಮಾನ್ಯ ವೋಲ್ಟೇಜಿನಲ್ಲಿ ಅವು ಕರೆಂಟನ್ನು ಬಿಡುವುದಿಲ್ಲ. ವೋಲ್ಟೇಜ್ ಒಂದು ಮಿತಿಯನ್ನು ದಾಟಿದ ಕ್ಷಣದಲ್ಲಿ ದಾರಿ ತೆರೆದು ಅದನ್ನು ಭೂಮಿಗೆ ಇಳಿಸುತ್ತವೆ. ಮೀಟರ್ ಪಕ್ಕದ ಮುಖ್ಯ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ ಹಾಕಿಸಿ. ಅದರ ಕಿಟಕಿಯಲ್ಲಿ ಹಸಿರು ಕಾಣುತ್ತಿದ್ದರೆ ಸರಿಯಿದೆ ಎಂದರ್ಥ, ಕೆಂಪಾದರೆ ಬದಲಿಸಬೇಕು. ಪ್ರತಿ ಹೊಡೆತಕ್ಕೂ ಬಿಲ್ಲೆಗಳು ಸವೆಯುವುದರಿಂದ ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಇನ್ನೊಂದು ವಿಷಯವನ್ನು ನಮ್ಮ ಕೆಲಸದವರೇ ಮರೆಯುತ್ತಾರೆ. ಎಸ್‌ಪಿಡಿಗೆ ಲೈನಿನಿಂದ ಬರುವ ಮತ್ತು ಅಲ್ಲಿಂದ ಅರ್ಥಿಂಗ್ ಪಟ್ಟಿಗೆ ಹೋಗುವ ವೈರುಗಳು ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು. ಅಂದವಾಗಿ ಕಾಣಲೆಂದು ವೈರನ್ನು ಸುತ್ತಿ ಬಳಸಿ ತಂದರೆ, ಅಷ್ಟು ಥಟ್ಟನೆ ಏರುವ ಕರೆಂಟಿಗೆ ಆ ಒಂದೊಂದು ಮೀಟರ್ ವೈರೂ ಸಾವಿರಾರು ವೋಲ್ಟಿನ ತಡೆಯಾಗುತ್ತದೆ.

ಆದರೆ ಇವೆಲ್ಲಕ್ಕೂ ಮೂಲ ಅರ್ಥಿಂಗ್. ನಮ್ಮ ಕಡೆಯ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗಿರುತ್ತದೆ. ನೆಲದ ತಡೆ ಅತಿ ಹೆಚ್ಚಿರುವ ಹೊತ್ತಿನಲ್ಲೇ ಸಿಡಿಲೂ ಬರುತ್ತದೆ ಎಂಬುದು ಮಲೆನಾಡಿನ ಕಷ್ಟ. ಸಿಡಿಲಿನ ರಕ್ಷಣೆಗೆ ಅರ್ಥಿಂಗ್ ತಡೆ 10 ಓಮ್ ಒಳಗಿರಬೇಕೆನ್ನುತ್ತಾರೆ. ನಾನು ಏಪ್ರಿಲ್‌ನಲ್ಲಿ ಅಳೆದ ಹಳೆಯ ಮನೆಗಳಲ್ಲಿ 60, 80 ಓಮ್ ತೋರಿಸಿದವು ಕಡಿಮೆಯೇನಲ್ಲ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ, ಬಚ್ಚಲ ನೀರಿನ ತೇವ ತಾಗುವ ಕಡೆ ಅದನ್ನು ತೋಡುತ್ತಿದ್ದ ಹಿರಿಯರ ಕ್ರಮ ಬಹಳ ಸರಿಯಾದದ್ದು. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು.

ಮಿಂಚುವಾಹಕ ಕಟ್ಟಡವನ್ನು ಉಳಿಸುತ್ತದೆ, ಒಳಗಿನ ಎಲೆಕ್ಟ್ರಾನಿಕ್ ಸಾಮಾನನ್ನು ಅದೊಂದೇ ಉಳಿಸಲಾರದು. ಅಂದ ಹಾಗೆ, ಮೋಡೆಮ್‌ನ ಯಾವ ಭಾಗ ಸುಟ್ಟಿದೆ ಎಂದು ತಾವು ಬರೆದಿಲ್ಲ. ಅಡಾಪ್ಟರ್ ಕೂಡ ಸುಟ್ಟಿದೆಯೇ?

ತೋಟದಮನೆ, ಹೊಸನಗರ ತಾಲ್ಲೂಕು

ಇಷ್ಟು ವಿವರವಾಗಿ ಬರೆದುದಕ್ಕೆ ತುಂಬಾ ಧನ್ಯವಾದಗಳು. ತಾವು ಕೇಳಿದ ಮೇಲೆ ಮೋಡೆಮ್ ಬಿಚ್ಚಿ ನೋಡಿದೆ. ಅಡಾಪ್ಟರ್ ಚೆನ್ನಾಗಿದೆ, 12 ವೋಲ್ಟ್ ಬರುತ್ತಿದೆ. ಹಿಂಬದಿಯ ನಾಲ್ಕು ಲ್ಯಾನ್ ಪೋರ್ಟುಗಳಲ್ಲಿ ಎರಡನೆಯದರ ಚಿನ್ನದ ಬಣ್ಣದ ಕಡ್ಡಿಗಳು ಕಪ್ಪಾಗಿವೆ, ಅದರ ಹಿಂದಿನ ಎಲೆಕ್ಟ್ರಾನಿಕ್ ಚಿಪ್‌ನ ಮೇಲೆ ಸಾಸಿವೆಯಷ್ಟು ತೂತಾಗಿದೆ. ಆ ಪೋರ್ಟಿನಿಂದ ಅಡಿಕೆ ಮನೆಯ ಕ್ಯಾಮೆರಾಕ್ಕೆ ಕೇಬಲ್ ಹೋಗುತ್ತದೆ. ಕಳೆದ ಬಾರಿ ಸುಟ್ಟ ಮೋಡೆಮ್ ಅಟ್ಟದ ಮೇಲಿತ್ತು. ಅದನ್ನೂ ತಂದು ನೋಡಿದೆ. ಅದರಲ್ಲೂ ಅದೇ ಪೋರ್ಟ್ ಸುಟ್ಟಿದೆ.

ಕೇಬಲ್ ಸುಮಾರು 60 ಮೀಟರ್ ಉದ್ದವಿದೆ. ಮನೆಯ ಮಾಡಿನಿಂದ ಹೊರಟು ಅಡಿಕೆ ಮರಗಳಿಗೆ ಕಟ್ಟಿಕೊಂಡು ಹೋಗಿದೆ. ಅಡಿಕೆ ಮನೆಗೆ ಕರೆಂಟ್ ಪಂಪ್‌ಸೆಟ್ಟಿನ ಲೈನಿನಿಂದ ಬರುತ್ತದೆ, ಅದರ ಅರ್ಥಿಂಗ್ ಕೆರೆಯ ದಂಡೆಯ ಮೇಲಿದೆ.

ನೆಟ್‌ವರ್ಕ್ ಕೆಲಸ, ಶಿವಮೊಗ್ಗ

ತಮ್ಮ ಪ್ರಶ್ನೆಗೆ ಉತ್ತರ ಆ ಕಪ್ಪಾದ ಪೋರ್ಟಿನಲ್ಲೇ ಇದೆ. ಸಿಡಿಲು ಫೈಬರಿನಿಂದಲೂ ಬಂದಿಲ್ಲ, ಬಹುಮಟ್ಟಿಗೆ ಕಂಬದಿಂದ ಮೀಟರಿಗೆ ಕರೆಂಟ್ ತರುವ ಸರ್ವಿಸ್ ವೈರಿನಿಂದಲೂ ಬಂದಿಲ್ಲ. ಗಾಜಿನ ಎಳೆಯನ್ನು ಮನೆಯವರೆಗೆ ತಂದು, ಅಲ್ಲಿಂದ ಮುಂದೆ ತಾವೇ 60 ಮೀಟರ್ ತಾಮ್ರವನ್ನು ಬಯಲಿನಲ್ಲಿ ಎಳೆದಂತಾಗಿದೆ.

ಒಂದು ಸಾಧಾರಣ ಸಿಡಿಲಿನಲ್ಲಿ ಹರಿಯುವ ಕರೆಂಟ್ ಸುಮಾರು 30,000 ಆಂಪಿಯರ್, ಅದೂ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಏರುವಂಥದ್ದು. ಅಷ್ಟು ರಭಸವಾಗಿ ಬದಲಾಗುವ ಕರೆಂಟಿನ ಸುತ್ತಲಿನ ಕಾಂತಕ್ಷೇತ್ರ, ಹತ್ತಿರದಲ್ಲಿ ಉದ್ದವಾಗಿ ಚಾಚಿಕೊಂಡ ಯಾವ ತಂತಿಯಲ್ಲಾದರೂ ವೋಲ್ಟೇಜ್ ಹುಟ್ಟಿಸುತ್ತದೆ. ಇದಕ್ಕೆ ತಂತಿಯನ್ನು ಸಿಡಿಲು ಮುಟ್ಟಲೇಬೇಕೆಂದಿಲ್ಲ. ಎರಡನೆಯ ಕಾರಣ ಇನ್ನೂ ದೊಡ್ಡದಿರಬಹುದು. ಸಿಡಿಲು ನೆಲಕ್ಕಿಳಿದಾಗ ಸುತ್ತಲಿನ ನೆಲದ ವೋಲ್ಟೇಜ್ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಬಿದ್ದ ಜಾಗದಿಂದ ದೂರ ಹೋದಂತೆ ಅದು ಇಳಿಯುತ್ತದೆ. ತಮ್ಮ ಮನೆಯ ಅರ್ಥಿಂಗ್ ಒಂದು ಕಡೆ, ಕೆರೆ ದಂಡೆಯ ಅರ್ಥಿಂಗ್ ಇನ್ನೊಂದು ಕಡೆ. ಆ ಕ್ಷಣದಲ್ಲಿ ಎರಡರ ನಡುವೆ ಸಾವಿರಾರು ವೋಲ್ಟುಗಳ ವ್ಯತ್ಯಾಸ ಏರ್ಪಡುತ್ತದೆ, ಎರಡನ್ನೂ ಸೇರಿಸುವ ಸಣ್ಣ ಸೇತುವೆ ಈ ಲ್ಯಾನ್ ಕೇಬಲ್. ಲ್ಯಾನ್ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳು 1,500 ವೋಲ್ಟಿನವರೆಗೆ ತಡೆಯುವಂತೆ ರೂಪಿತವಾಗಿರುತ್ತವೆ. ಅದನ್ನು ಮೀರಿದರೆ ಚಿಪ್ ಒಡೆಯುತ್ತದೆ.

ಆ ತಾಮ್ರದ ಕೇಬಲನ್ನು ಕಿತ್ತುಹಾಕಿ. ಅದರ ಬದಲು ಅಷ್ಟೇ ಉದ್ದದ ಫೈಬರ್ ಎಳೆದು ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಪೋರ್ಟಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಹಾಕಬಹುದು, ಅಥವಾ ಅಡಿಕೆ ಮನೆ ಕಣ್ಣಿಗೆ ನೇರವಾಗಿ ಕಾಣುವಂತಿದ್ದರೆ ವೈಫೈ ಮೂಲಕವೇ ಕ್ಯಾಮೆರಾ ಜೋಡಿಸಬಹುದು. ಲ್ಯಾನ್ ಕೇಬಲಿಗೆಂದೇ ಸರ್ಜ್ ಪ್ರೊಟೆಕ್ಟರುಗಳು ಸಿಗುತ್ತವೆ, ಆದರೆ ಅರ್ಥಿಂಗ್ ಎರಡು ಕಡೆ ಬೇರೆ ಬೇರೆ ಇರುವಾಗ ಅವುಗಳ ಮೇಲೆ ನನಗೆ ಹೆಚ್ಚು ಭರವಸೆ ಇಲ್ಲ. ಸೇತುವೆಯೇ ಇಲ್ಲದಿರುವುದು ಮೇಲು.

ಕಂಬದಿಂದ ಮನೆಗೆ ಬರುವ ಫೈಬರನ್ನೂ ಒಮ್ಮೆ ನೋಡಿ. ಕಪ್ಪು ಚಪ್ಪಟೆ ಕೇಬಲಿನ ಒಂದು ಅಂಚಿನಲ್ಲಿ ಎಳೆತ ತಡೆಯಲೆಂದು ಉಕ್ಕಿನ ತಂತಿ ಇರುತ್ತದೆ. ಗಾಜಿನಂತಲ್ಲದೆ ಅದರಲ್ಲಿ ಕರೆಂಟ್ ಹರಿಯುವುದರಿಂದ ಅದನ್ನು ಹೊರಗೋಡೆಯ ಕೊಕ್ಕೆಗೆ ಕಟ್ಟಿ ಅಲ್ಲಿಯೇ ಕತ್ತರಿಸಬೇಕು. ಅವಸರದಲ್ಲಿ ಕೆಲಸ ಮಾಡುವವರು ಅದನ್ನೂ ಕೇಬಲಿನ ಜೊತೆಗೇ ಒಳಗೆ ತಂದು ಮೋಡೆಮ್ ಹಿಂದೆ ಸುತ್ತಿಟ್ಟಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಹಳೆಯ ತೋಟಗಾರ, ಕೊಪ್ಪ

ಮೋಡ ಕಾಣುತ್ತಿದ್ದಂತೆ ಪ್ಲಗ್ ಕೀಳುವುದೇ ನನ್ನ ಅನುಭವದಲ್ಲಿ ಉತ್ತಮ ಉಪಾಯ. ಸ್ವಿಚ್ ಆರಿಸಿದರೆ ಸಾಲದು. ಮೋಡದಿಂದ ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಅಂತರ ಒಂದು ಲೆಕ್ಕವಲ್ಲ. ನಮ್ಮಲ್ಲಿ ಟಿವಿಯ ಡಿಶ್ ಕೇಬಲನ್ನೂ ಬಿಚ್ಚಿ ಗೋಡೆಯಿಂದ ದೂರ ಇಡುತ್ತೇವೆ. ಹತ್ತಿರದಲ್ಲಿ ತೆಂಗಿನ ಮರವಿದ್ದರೆ ಮನೆಗೆ ರಕ್ಷಣೆ ಎಂಬ ಮಾತನ್ನು ಮಾತ್ರ ನಂಬಬೇಡಿ. ನಮ್ಮ ಕೊಟ್ಟಿಗೆಯ ಪಕ್ಕದ ತೆಂಗಿಗೆ ಬಡಿದದ್ದು ಅಲ್ಲಿಂದ ಕೊಟ್ಟಿಗೆಯ ತಗಡಿಗೆ ಹಾರಿತ್ತು.

ಭೌತಶಾಸ್ತ್ರದ ಮೇಷ್ಟ್ರು, ತೀರ್ಥಹಳ್ಳಿ

ನೆಲದ ವೋಲ್ಟೇಜ್ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ ಎಂಬ ಮಾತಿಗೆ ಒಂದನ್ನು ಸೇರಿಸಬೇಕೆನಿಸಿತು. ಮರದಡಿ ನಿಂತ ದನಗಳು ಸಿಡಿಲಿಗೆ ಸಾಯುವುದು ಬಹಳ ಸಲ ಇದೇ ಕಾರಣಕ್ಕೆ. ದನದ ಮುಂಗಾಲಿಗೂ ಹಿಂಗಾಲಿಗೂ ಹೆಚ್ಚುಕಡಿಮೆ ಒಂದೂವರೆ ಮೀಟರ್ ಅಂತರವಿರುತ್ತದೆ, ಆ ಎರಡು ಬಿಂದುಗಳ ವೋಲ್ಟೇಜ್ ವ್ಯತ್ಯಾಸದಿಂದ ಕರೆಂಟ್ ಒಂದು ಕಾಲಿನಲ್ಲಿ ಏರಿ ಎದೆಯ ಮೂಲಕ ಇನ್ನೊಂದು ಕಾಲಿಗೆ ಇಳಿಯುತ್ತದೆ. ತಮ್ಮ ಮೋಡೆಮ್ ಒಂದು ಕಾಲನ್ನು ಮನೆಯಲ್ಲಿಯೂ ಇನ್ನೊಂದನ್ನು ಕೆರೆ ದಂಡೆಯಲ್ಲಿಯೂ ಊರಿ ನಿಂತಿತ್ತು. ಬಯಲಿನಲ್ಲಿ ಸಿಕ್ಕಿಬಿದ್ದವರು ಎರಡೂ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕೆಂದು ಮಕ್ಕಳಿಗೆ ಹೇಳಿಕೊಡುವುದೂ ಅದಕ್ಕಾಗಿಯೇ.

ಇಷ್ಟೊಂದು ಸಿಡಿಲು ಮಳೆಗಾಲದ ನಟ್ಟನಡುವೆ ಏಕೆ ಇಲ್ಲ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗೆ ಸುರಿಯುತ್ತದೆ, ಆದರೂ ಆ ತಿಂಗಳುಗಳಲ್ಲಿ ಗುಡುಗು ಕಡಿಮೆ. ಮೋಡದಲ್ಲಿ ವಿದ್ಯುತ್ ಹುಟ್ಟಬೇಕಾದರೆ ಹಿಮದ ಹರಳುಗಳೂ ಮೆತ್ತನೆಯ ಆಲಿಕಲ್ಲಿನ ಉಂಡೆಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು. ಆಗ ಹಗುರವಾದ ಹರಳುಗಳು ಧನ ವಿದ್ಯುದಂಶ ಪಡೆದು ಮೇಲಕ್ಕೇರುತ್ತವೆ, ಭಾರವಾದ ಉಂಡೆಗಳು ಋಣ ವಿದ್ಯುದಂಶದೊಂದಿಗೆ ಕೆಳಗೆ ಉಳಿಯುತ್ತವೆ. ಅದಕ್ಕೆ ಮೋಡ 12, 15 ಕಿಲೋಮೀಟರ್ ಎತ್ತರಕ್ಕೆ ಬೆಳೆಯಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕಾದ ನೆಲದಿಂದ ಏಳುವ ಗಾಳಿ ಮೋಡವನ್ನು ಅಷ್ಟೆತ್ತರಕ್ಕೆ ತಳ್ಳುತ್ತದೆ. ಮುಂಗಾರಿನಲ್ಲಿ ಘಟ್ಟಕ್ಕೆ ತಗುಲಿ ಮಳೆ ಸುರಿಸುವ ಮೋಡಗಳು ಬಹುತೇಕ ಗಿಡ್ಡವಾದವು, ಅವುಗಳಲ್ಲಿ ಹಿಮ ಕಟ್ಟುವ ಮೊದಲೇ ನೀರು ಹನಿಯಾಗಿ ಇಳಿದುಬಿಡುತ್ತದೆ. ಹಸ್ತ, ಚಿತ್ತಾ ಮಳೆಯ ಹೊತ್ತಿಗೆ ಗುಡುಗು ಮತ್ತೆ ಬರುವುದರಿಂದ ಪ್ಲಗ್ ಕೀಳುವ ಅಭ್ಯಾಸವನ್ನು ಆಗಲೂ ಬಿಡಬಾರದು.

ಮುನ್ಸೂಚನೆಗೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಮತ್ತು ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಎಂಬ ಆಪ್‌ಗಳಿವೆ. ಸಿಡಿಲು ಹೊರಡಿಸುವ ರೇಡಿಯೋ ಅಲೆಗಳು ಬೇರೆ ಬೇರೆ ಊರಿನ ಸಂವೇದಕಗಳನ್ನು ತಲುಪುವ ಸಮಯದ ವ್ಯತ್ಯಾಸದಿಂದ ಅದು ಎಲ್ಲಿ ಬಿತ್ತೆಂದು ಲೆಕ್ಕ ಹಾಕಲಾಗುತ್ತದೆ. ನನಗೆ ಅವು ಬಹಳ ಉಪಯುಕ್ತವೆನಿಸಿವೆ. ಆದರೆ ಅವು ಕೆಲಸ ಮಾಡಲು ಇಂಟರ್‌ನೆಟ್ ಬೇಕು, ನಮ್ಮ ಕಡೆ ಮೊದಲು ಹೋಗುವುದೇ ಅದು.

ಆಗ ಉಳಿಯುವುದು ಕಿವಿ. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡು ಬೇಕು. ನಮ್ಮ ಅಜ್ಜಿ ಮಿಂಚು ಕಂಡೊಡನೆ ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದರು. ನಿಧಾನವಾಗಿ ಹೇಳಿದರೆ ಅದಕ್ಕೆ ಒಂಬತ್ತು ಹತ್ತು ಸೆಕೆಂಡು ಹಿಡಿಯುತ್ತದೆ. ಹತ್ತು ಮುಗಿಯುವ ಮೊದಲೇ ಗುಡುಗು ಕೇಳಿದರೆ ಸಿಡಿಲು ಮೂರು ಕಿಲೋಮೀಟರಿನ ಒಳಗೇ ಬಿದ್ದಿದೆ. ಆಗ ಪ್ಲಗ್ ಕೀಳಲು ಹೋಗಬೇಡಿ. ಆ ಕೆಲಸ ಅದಕ್ಕೂ ಮೊದಲೇ ಮುಗಿದಿರಬೇಕು. ಮೋಡೆಮ್ ಹೋದರೆ ಹೋಗಲಿ, ಗೋಡೆಯ ಬೋರ್ಡನ್ನು ಮುಟ್ಟದೆ ದೂರ ನಿಲ್ಲಿ.

ತೋಟದಮನೆ, ಹೊಸನಗರ ತಾಲ್ಲೂಕು

ತಮ್ಮೆಲ್ಲರ ಮಾತಿನಂತೆ ಭಾನುವಾರ ಒಂದಿಷ್ಟು ಕೆಲಸ ಮಾಡಿದೆವು. ಅಡಿಕೆ ಮನೆಯ ಕೇಬಲನ್ನು ಎರಡು ತುದಿಯಲ್ಲೂ ಬಿಚ್ಚಿದ್ದೇನೆ. ಫೈಬರ್ ಎಳೆಯಲು ಮುಂದಿನ ವಾರ ಬರುವುದಾಗಿ ಕೆಲಸದವರು ಹೇಳಿದ್ದಾರೆ. ಉಕ್ಕಿನ ತಂತಿ ನಮ್ಮಲ್ಲಿಯೂ ಕಿಟಕಿಯೊಳಗಿನಿಂದ ಒಳಗೆ ಬಂದು ಮೋಡೆಮ್‌ನ ಸ್ಟ್ಯಾಂಡಿಗೆ ಸುತ್ತಿಕೊಂಡಿತ್ತು, ಅದನ್ನು ಹೊರಗಿನ ಕೊಕ್ಕೆಯ ಬಳಿಯೇ ಕತ್ತರಿಸಿದೆ.

ಆಮೇಲೆ ಬಚ್ಚಲ ಹಿಂದಿನ ಅರ್ಥಿಂಗ್ ಗುಂಡಿ ಅಗೆಸಿದೆವು. ಮೇಲೆ ಕಾಣುವ ವೈರ್ ಬಿಗಿಯಾಗಿಯೇ ಇತ್ತು. ಸಿಮೆಂಟ್ ಒಡೆದು ಒಂದೂವರೆ ಅಡಿ ಕೆಳಗೆ ಹೋದಾಗ ನೋಡಿದರೆ ಪೈಪು ತುಕ್ಕು ಹಿಡಿದು ಹಪ್ಪಳದಂತೆ ಪುಡಿಯಾಗಿತ್ತು. ವೈರನ್ನು ಎಳೆದೊಡನೆ ಅದು ಕೈಯಲ್ಲೇ ಬಂತು. ಸಾಗರದವರೇ, ತಾವು ನಮ್ಮ ಕಡೆ ಬರುವುದಿದ್ದರೆ ದಯವಿಟ್ಟು ತಿಳಿಸಿ, ಹೊಸ ಗುಂಡಿಯ ತಡೆಯನ್ನು ತಮ್ಮ ಮೀಟರಿನಿಂದಲೇ ಅಳೆಸಬೇಕೆಂದಿದ್ದೇನೆ.