ಬಾಡಿಗೆ ಮನೆಯ ಒಂದು ಮೂಲೆ, ಬರಲಿರುವ ಮಗು: ಕೈಯಲ್ಲೇ ಏನೇನು ಮಾಡಬಹುದು?

ಪ್ರಶ್ನೆ, ಬೆಂಗಳೂರಿಂದ:

ನನಗೀಗ ಏಳನೇ ತಿಂಗಳು. ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಮಗುವಿಗೆ ಅಂತ ಬೇರೆ ಕೋಣೆ ಇಲ್ಲ, ಕಿಟಕಿ ಪಕ್ಕ ಒಂದು ಮೂಲೆ ಇದೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಹೊಲಿಗೆ ಮಷಿನ್ ಇಲ್ಲ, ಸೂಜಿ ದಾರ ಹಿಡಿಯಲು ಬರುತ್ತದೆ. ಎರಡು ಸಾವಿರ ರೂಪಾಯಿ ಒಳಗೆ ಆ ಮೂಲೆಯನ್ನು ಚೆಂದ ಮಾಡಬೇಕು. ಮಗು ಹುಟ್ಟುವ ಮೊದಲು ಏನೂ ತರಬಾರದು ಅಂತ ಅತ್ತೆ ಹೇಳುತ್ತಾರೆ. ಅವರ ಮನಸ್ಸೂ ನೋಯಬಾರದು. ನೀವೆಲ್ಲ ಏನು ಮಾಡಿದ್ದಿರಿ, ಹೇಳ್ತೀರಾ?

ಧಾರವಾಡದಿಂದ:

ತಂಗಿ, ಮೊದಲು ಒಂದು ಕೌದಿಗೆ ಕೈ ಹಾಕಿ. ಅತ್ತೆಯವರ ಮಾತಿಗೂ ಅದೇ ದಾರಿ. ಕೌದಿ ಅಂಗಡಿಯಿಂದ ತಂದದ್ದಲ್ಲ, ಮಗುವಿಗೆ ಅಂತಲೇ ಮಾಡಿದ್ದೂ ಅಲ್ಲ. ಹಳೇ ಬಟ್ಟೆ ಪದರ ಪದರವಾಗಿ ಇಟ್ಟು ಹೊಲಿದ ಮನೆಯ ಹಾಸಿಗೆ ಅದು. ನಮ್ಮ ಅತ್ತೆಯೂ "ಈಗಲೇ ಏನೂ ಬೇಡ" ಎನ್ನುತ್ತಿದ್ದರು. ನಿಮ್ಮ ಹಳೇ ಸೀರೆ ಒಂದು ಕೊಡಿ ಅಂತ ಕೇಳಿದೆ. ಮರುದಿನ ಟ್ರಂಕ್ ತೆಗೆದು ಮೂರು ಸೀರೆ, ಮಾವನವರ ಎರಡು ಧೋತರ ಮುಂದಿಟ್ಟರು. ಕೊನೆಗೆ ಅರ್ಧ ಹೊಲಿಗೆ ಅವರದೇ ಆಯಿತು.

ಮಗುವನ್ನು ಮಲಗಿಸಿ ಆಡಿಸಲು ಎರಡೂವರೆ ಮೊಳ ಉದ್ದ, ಅಷ್ಟೇ ಅಗಲ ಸಾಕು. ಹತ್ತಿ ಬಟ್ಟೆಯನ್ನೇ ತೆಗೆದುಕೊಳ್ಳಿ. ಪಾಲಿಯೆಸ್ಟರ್ ಸೀರೆ ನೀರು ಹೀರುವುದಿಲ್ಲ, ನಾಲ್ಕು ಪದರಾದರೆ ಸೂಜಿಯೂ ಇಳಿಯುವುದಿಲ್ಲ. ಒಳಗೆ ಧೋತರ ಅಥವಾ ಮಾಸಿದ ಸೀರೆ ಎರಡು ಮೂರು ಪದರ ಮಡಚಿ. ಮೇಲೆ ಬಣ್ಣದ ತುಂಡುಗಳು. ತುಂಡು ಒಂದು ಗೇಣಿಗಿಂತ ಸಣ್ಣದು ಬೇಡ, ಮೊದಲ ಕೌದಿಗೆ ಕೆಲಸ ಜಾಸ್ತಿ ಆಗುತ್ತದೆ. ಎಲ್ಲವನ್ನೂ ನೆಲದ ಮೇಲೆ ಹರಡಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿಸಿ. ಇದನ್ನು ಬಿಡಬೇಡಿ. ನಾನು ಮೊದಲ ಸಲ ಬಿಟ್ಟೆ. ಒಳಪದರ ಸರಿದು ನಡುವೆ ಗಂಟು ಗಂಟಾಯಿತು, ಇಡೀ ಒಂದು ಬದಿ ಬಿಚ್ಚಬೇಕಾಯಿತು.

ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತ ಸುತ್ತುತ್ತ ಒಳಗೆ ಬನ್ನಿ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರೂ ಹೀಗೇ ಸುತ್ತಿನಲ್ಲಿ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ತ್ರಿಕೋನ ಇಡುತ್ತಾರೆ, ಅದಕ್ಕೆ ಫುಲ ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿಯಿತು ಅನ್ನಿಸುವುದಿಲ್ಲ ಅವರಿಗೆ. ನಾನೂ ಇಟ್ಟೆ, ಬಹಳ ಚೆಂದ ಕಾಣುತ್ತದೆ.

ಕೆಂಪು, ಕಡುನೀಲಿ ಬಟ್ಟೆ ಇದ್ದರೆ ಹೊಲಿಯುವ ಮೊದಲು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಅದನ್ನು ಬಿಟ್ಟುಬಿಡಿ. ಮಗು ಮೂಲೆ ಚೀಪಿಯೇ ಚೀಪುತ್ತದೆ. ದಿನಕ್ಕೆ ಒಂದು ಗಂಟೆ ಕೂತರೆ ಒಂದೂವರೆ ತಿಂಗಳು ಹಿಡಿಯುತ್ತದೆ. ನನಗೆ ದುಡ್ಡು ಖರ್ಚಾಗಿದ್ದು ದಾರಕ್ಕೆ ಮಾತ್ರ.

ಒಂದು ಮಾತು. ಕೌದಿ ನೆಲಕ್ಕೆ. ಮಗು ಎಚ್ಚರ ಇರುವಾಗ, ಬೋರಲು ಬೀಳಲು ಕಲಿಯುವಾಗ. ಮಲಗುವ ತೊಟ್ಟಿಲಿಗೆ ಹಾಕಬೇಡಿ.

ಮೈಸೂರಿಂದ:

ನಿಮಗೆ ಚುಕ್ಕಿ ರಂಗೋಲಿ ಬರುತ್ತಾ? ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಹುಟ್ಟಿದ ಮಗುವಿಗೆ ಒಂದು ಗೇಣು, ಒಂದೂಕಾಲು ಗೇಣು ದೂರದ್ದು ಮಾತ್ರ ಸ್ವಲ್ಪ ಸ್ಪಷ್ಟ. ತಿಳಿ ಗುಲಾಬಿ, ತಿಳಿ ನೀಲಿ ಎಲ್ಲ ಅದಕ್ಕೆ ಒಂದೇ ಥರ. ಕಪ್ಪು ಬಿಳುಪು ಎದ್ದು ಕಾಣುತ್ತದೆ. ಕಪ್ಪು ಚಾರ್ಟ್ ಹಾಳೆ ಕತ್ತರಿಸಿ, ಬಿಳಿ ಪೋಸ್ಟರ್ ಬಣ್ಣದಲ್ಲಿ ದಪ್ಪ ಗೆರೆಯ ರಂಗೋಲಿ ಬರೆದೆ. ಮೊದಲ ತಿಂಗಳಿಗೆ ನಾಲ್ಕೇ ಚುಕ್ಕಿಯದು. ಎರಡು ತಿಂಗಳಾದ ಮೇಲೆ ಏಳು ಚುಕ್ಕಿ, ಎಳೆ ಸುತ್ತಿದ್ದು. ಕಿಟಕಿ ಸರಳಿಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಸಾಲಾಗಿ ಸಿಕ್ಕಿಸಿದ್ದೆ. ಎಣ್ಣೆ ನೀರು ಆಗುವ ಮೊದಲು ಒಂದೊಂದೇ ಕಾರ್ಡ್ ಮುಖದ ಹತ್ತಿರ ಹಿಡಿಯುತ್ತಿದ್ದೆ. ಮಗಳು ಅಳು ನಿಲ್ಲಿಸಿ ಕಣ್ಣರಳಿಸಿ ನೋಡುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ಆರು ವರ್ಷವಾಯಿತು, ಕಾರ್ಡುಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಸಾಗರದಿಂದ:

ನಾನು ಮೊರದ ಮೇಲೆ ಚಿತ್ತಾರ ಬರೆದಿದ್ದೆ. ನಮ್ಮ ಕಡೆ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅದೇ. ಕೆಮ್ಮಣ್ಣು ಬಳಿದ ಹಿನ್ನೆಲೆ, ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಕಪ್ಪು ಬೇಕಿದ್ದರೆ ಅಕ್ಕಿಯನ್ನು ಕರ್ರಗೆ ಹುರಿದು ಅರೆಯಬೇಕು. ವಾಸನೆ ಹೊಡೆಯುವ ಪೇಂಟ್ ಇಲ್ಲ, ಏಳನೇ ತಿಂಗಳಲ್ಲಿ ಅದು ಮುಖ್ಯ ಅಲ್ವಾ? ನುರಿತವರ ಗೆರೆ ನನಗೆ ಬರಲಿಲ್ಲ. ತೇರು, ಭತ್ತದ ತೆನೆ, ಗುಬ್ಬಿ ಇಷ್ಟೇ ಬರೆದೆ. ಮೊರ ಹಗುರ, ಮೊಳೆ ಬೇಡ. ಪರದೆಯ ರಾಡಿಗೆ ದಾರದಲ್ಲಿ ಕಟ್ಟಿದರೆ ಆಯಿತು. ನೀರು ತಾಗಿಸಬೇಡಿ.

ಹುಬ್ಬಳ್ಳಿಯಿಂದ, ಒಬ್ಬ ಅಪ್ಪ:

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊರಿಂದ ಹಳೇ ಮರದ ತೊಟ್ಟಿಲು ಬರಬಹುದು. ನಮ್ಮ ಮನೆಯಲ್ಲಿ ಕಲಘಟಗಿ ತೊಟ್ಟಿಲು ಇತ್ತು, ನಾನು ಮಲಗಿದ್ದೇ ಅದರಲ್ಲಿ. ಮೇಲೆ ಯಾರೋ ಯಾವಾಗಲೋ ಹಸಿರು ಎನಾಮಲ್ ಬಳಿದಿದ್ದರು. ಬಣ್ಣ ಚಕ್ಕೆ ಏಳುತ್ತಿತ್ತು. ಉಜ್ಜಿ ಹೊಸ ಬಣ್ಣ ಕೊಡೋಣ ಅಂತ ಉಪ್ಪುಕಾಗದ ತಂದೆ. ಬಡಗಿ ಬೇಡ ಎಂದು ತಡೆದರು. ಹಳೇ ಪೇಂಟಿನಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣಗಿದ ಬಣ್ಣ ಉಜ್ಜಿದರೆ ಆ ಪುಡಿ ಮನೆಯೆಲ್ಲ ಹರಡುತ್ತದೆ. ಬಸುರಿಗೂ ಮಗುವಿಗೂ ಅದು ವಿಷ. ತೊಟ್ಟಿಲನ್ನು ಊರಲ್ಲೇ ಅಟ್ಟದ ಮೇಲೆ ಜೋಪಾನವಾಗಿ ಇಟ್ಟೆವು. ಹೊಟ್ಟೆ ಉರಿಯಿತು ನಿಜ, ಆದರೆ ಮಗನನ್ನು ಅದರಲ್ಲಿ ಮಲಗಿಸಲು ಮನಸ್ಸು ಬರಲಿಲ್ಲ.

ಮತ್ತೆ ಬೆಂಗಳೂರಿಂದ:

ಎಲ್ಲರಿಗೂ ಧನ್ಯವಾದ. ನಮ್ಮಮ್ಮ ಸಾಸಿವೆ ದಿಂಬು ಹೊಲಿದು ಕಳಿಸುತ್ತೇನೆ ಎನ್ನುತ್ತಿದ್ದಾರೆ. ತೊಟ್ಟಿಲ ಮೇಲೆ ಬಟ್ಟೆ ಗಿಳಿಗಳ ಗೊಂಚಲು ಕಟ್ಟುವ ಆಸೆ ನನಗೆ. ಇವೆರಡೂ ಸರಿನಾ?

ಮಂಗಳೂರಿಂದ:

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಒಂದು ವರ್ಷ ತುಂಬುವವರೆಗೆ ದಿಂಬು ಬೇಡ, ಸಾಸಿವೆಯದೂ ಬೇಡ. ಮಲಗುವ ಜಾಗ ಗಟ್ಟಿಯಾಗಿ, ಸಮತಟ್ಟಾಗಿ, ಖಾಲಿ ಇರಬೇಕು, ಮಗು ಅಂಗಾತ ಮಲಗಬೇಕು. ಹೊಲಿಗೆ ಬಿಚ್ಚಿ ಸಾಸಿವೆ ಮೂಗಿಗೆ ಹೋದರೆ ತೆಗೆಯುವುದು ಕಷ್ಟ. ಅಮ್ಮನಿಗೆ ಬೇಜಾರಾಗದ ಹಾಗೆ ಮೆತ್ತನೆಯ ಹಳೇ ಧೋತರದಲ್ಲಿ ಲಂಗೋಟಿ, ಒರೆಸುವ ಬಟ್ಟೆ ಹೊಲಿದುಕೊಡಿ ಅಂತ ಕೇಳಿ. ಅದು ಎಷ್ಟಿದ್ದರೂ ಸಾಲುವುದಿಲ್ಲ.

ಗಿಳಿ ಖಂಡಿತ ಮಾಡಿ. ಒಳಗೆ ಬಟ್ಟೆ ಚೂರು ತುಂಬಿ, ಥರ್ಮೊಕೋಲ್ ಕಾಳು ಬೇಡ. ಕಣ್ಣಿಗೆ ಗುಂಡಿ, ಮಣಿ ಬೇಡ, ದಾರದಲ್ಲೇ ಹೊಲಿಯಿರಿ. ನೀವು ಎದ್ದು ನಿಂತಾಗ ನಿಮ್ಮ ಕೈಗೆ ಸಿಗಬೇಕು, ಮಗುವಿನ ಕೈಗೆ ಸಿಗಬಾರದು. ಐದನೇ ತಿಂಗಳಿಗೆ, ಅಥವಾ ಅದಕ್ಕೂ ಮೊದಲೇ ಮಗು ಕೈ ಊರಿ ಏಳಲು ನೋಡಿದರೆ, ಅವತ್ತೇ ಬಿಚ್ಚಿ. ಗುಂಡಿ ಬ್ಯಾಟರಿ ಹಾಕಿದ ಮಿನುಗು ದೀಪದ ಸರ ಮಾತ್ರ ಆ ಮೂಲೆಗೆ ಬೇಡವೇ ಬೇಡ. ಆ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಬಹುದು.

ಬೆಂಗಳೂರಿಂದ:

ಈಗಷ್ಟೇ ಅತ್ತೆಗೆ ಫೋನ್ ಮಾಡಿ ಸೀರೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಮದುವೆಯ ಇಳಕಲ್ ಸೀರೆ ಕೊಡ್ತೀನಿ, ಒಡಲು ಸವೆದಿದೆ, ಸೆರಗು ಗಟ್ಟಿಯಿದೆ ಎಂದರು. ಕತ್ತರಿಸಲು ಕೈ ಬರುತ್ತಿಲ್ಲ. ಅಕ್ಕ, ಏನು ಮಾಡಲಿ?

ಧಾರವಾಡದಿಂದ:

ಸವೆದ ಹತ್ತಿ ಒಡಲನ್ನು ಕೌದಿಗೆ ಹಾಕಿ, ಅದಕ್ಕಿಂತ ಮೆತ್ತನೆಯದು ಸಿಗುವುದಿಲ್ಲ. ಸೆರಗು ಕತ್ತರಿಸಿ ಚೂರು ಮಾಡಬೇಡಿ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೊಂಡಿ ಸೆರಗಿನ ಜೊತೆಗೇ ಉಳಿಯಲಿ, ಅದರಿಂದ ನಾಲ್ಕು ಬೆರಳು ಕೆಳಗೆ, ಒಡಲಿನ ಭಾಗದಲ್ಲಿ ಕತ್ತರಿ ಆಡಿಸಿ. ಆ ಅಂಚನ್ನು ಮಡಚಿ, ಪರದೆ ರಾಡು ತೂರುವಷ್ಟು ಜಾಗ ಬಿಟ್ಟು ಹೊಲಿದು ಕಿಟಕಿಗೆ ಇಳಿಬಿಡಿ. ತೋಪ ತೆನಿ ಸೆರಗು ಅಲ್ವಾ? ಕೆಂಪಿನ ಮೇಲೆ ಬಿಳಿ. ಎರಡು ಮೂರು ತಿಂಗಳಾದಾಗ ಮಗು ಅತ್ತಲೇ ನೋಡುತ್ತದೆ. ತೊಟ್ಟಿಲು ಮಾತ್ರ ಅದರಿಂದ ಎರಡು ಮೊಳ ದೂರ ಇರಲಿ.