ಅರಮನೆ ತೋಟದ ಹೆಡ್ ಮಾಲಿ ಕೆಲಸ ಹೇಗಿರುತ್ತೆ?

ಮಂಡ್ಯ ಹೈದ: ನಮ್ ತಮ್ಮ ತೋಟಗಾರಿಕೆ ಡಿಪ್ಲೊಮಾ ಮುಗಿಸವ್ನೆ, ಮೈಸೂರಲ್ಲಿ ಹಳೇ ಅರಮನೆ ತೋಟಕ್ಕೇ ಸೇರ್ಬೇಕು, ಹೆಡ್ ಮಾಲಿ ಆಗ್ಬೇಕು ಅಂತಾವ್ನೆ. ಬರೀ ನೀರು ಬಿಡ್ಸೋದು ಹುಲ್ಲು ಕತ್ತರ್ಸೋದೇನಾ?

ಒಂಟಿಕೊಪ್ಪಲ್ ಅಜ್ಜ: ಅಷ್ಟೇ ಅಲ್ಲಪ್ಪ. ದಸರಾಕ್ಕೆ ಹೂ ಬಿಡ್ಬೇಕು ಅಂದ್ರೆ ಚೆಂಡುಹೂವಿನ ಬೀಜ ಸುಮಾರು ಎರಡು ತಿಂಗಳ ಮುಂಚೇನೇ ಹಾಕಿರ್ಬೇಕು, ಆಮೇಲೆ ತುದಿ ಕುಡಿ ಚಿವುಟಬೇಕು ಇಲ್ದಿದ್ರೆ ಕವಲು ಒಡೆಯಲ್ಲ, ಮಳೆ ನೀರು ನಿಂತ್ರೆ ಬೇರು ಕೊಳೆಯುತ್ತೆ, ಮೇಲಾಗಿ ಹಬ್ಬದ ತಾರೀಖು ವರ್ಷವರ್ಷ ಬದಲಾಗುತ್ತೆ, ಹಾಗಾಗಿ ಲೆಕ್ಕ ಹಿಂದಿಂದ ಹಾಕ್ಬೇಕು. ತುಂಬಾ ಜವಾಬ್ದಾರಿ ಕೆಲಸ.

ಹಸಿರು ಮೈಸೂರು: ಕ್ರುಂಬಿಗಲ್ ಬಗ್ಗೆ ಓದೋಕೆ ಹೇಳಿ. ಜರ್ಮನಿಯ ತೋಟಗಾರಿಕೆ ತಜ್ಞರು, ಲಂಡನ್ನಿನ ಕ್ಯೂ ತೋಟದಲ್ಲಿದ್ದು, ಬರೋಡಾ ಆಮೇಲೆ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದೋರು.

ಮಂಡ್ಯ ಹೈದ: ಥ್ಯಾಂಕ್ಸ್ ಅಜ್ಜ. ಮೊದ್ಲು ಎಲ್ಲಿ ಕಲೀಲಿ?

ಒಂಟಿಕೊಪ್ಪಲ್ ಅಜ್ಜ: ನರ್ಸರೀಲಿ. ದಸರಾ ಟೈಮಲ್ಲಿ ಕುಪ್ಪಣ್ಣ ಪಾರ್ಕ್ ಫಲಪುಷ್ಪ ಪ್ರದರ್ಶನಕ್ಕೆ ಬಂದು ಮಾಲಿಗಳನ್ನೇ ಮಾತಾಡ್ಸಲಿ.