ಜನರೇಟರ್ ಪೈಪು ಕೆಂಪಗಾಗ್ತಿದೆ, ರೇಡಿಯೇಟರ್ ನೀರು ಮಾತ್ರ ಸರಿಯಾಗೇ ಇದೆ

ಕೇಳಿದವರು, ಶಿಡ್ಲಘಟ್ಟ:
ನಮ್ಮದು ಸಣ್ಣ ರೇಷ್ಮೆ ರೀಲಿಂಗ್ ಘಟಕ. ಕರೆಂಟ್ ಹೋದಾಗ ಓಡಿಸೋಕೆ ಮೂರು ಸಿಲಿಂಡರಿನ ಡೀಸೆಲ್ ಜನರೇಟರ್ ಇದೆ. ಒಂದು ತಿಂಗಳಿಂದ ಅರ್ಧ ಗಂಟೆ ಓಡಿದರೆ ಸಾಕು, ಇಂಜಿನ್ನಿನಿಂದ ಹೊಗೆ ಪೈಪು ಹೊರಡೋ ಜಾಗ ಕತ್ತಲಲ್ಲಿ ಮಂಕಾಗಿ ಕೆಂಪಗೆ ಕಾಣತ್ತೆ. ಹೊಗೆ ಕಪ್ಪು. ನೀರಿನ ಬಿಸಿ ತೋರಿಸೋ ಮೀಟರ್ ಮುಳ್ಳು ಮಾತ್ರ 85 ಡಿಗ್ರಿ ಹತ್ತಿರಾನೇ ನಿಂತಿರತ್ತೆ. ಮೇಸ್ತ್ರಿ ರೇಡಿಯೇಟರ್ ಬಿಚ್ಚಿ ತೊಳೆದು ದುಡ್ಡು ಇಸ್ಕೊಂಡು ಹೋದ್ರು, ಏನೂ ಬದಲಾಗಿಲ್ಲ. ಯಾರಿಗಾದ್ರೂ ಹೀಗಾಗಿತ್ತಾ?

ಕೋಲಾರದಿಂದ:
ಮೇಸ್ತ್ರಿದು ತಪ್ಪಿಲ್ಲ ಬಿಡಿ. ನಮ್ಮ ಕಡೆ ಇಂಜಿನ್ ಬಿಸಿ ಅಂದ ತಕ್ಷಣ ಎಲ್ಲರ ಕೈಯೂ ರೇಡಿಯೇಟರ್ ಮೇಲೇ ಹೋಗೋದು. 1200 ಅಡಿ ಬೋರ್ ನೀರು ಹಾಕಿ ಹಾಕಿ, ಸ್ನಾನದ ಬಕೆಟಿಗೆ ಕೂರೋ ಬಿಳಿ ಪದರಾನೇ ನನ್ನ ಟ್ರ್ಯಾಕ್ಟರಿನ ರೇಡಿಯೇಟರ್ ಒಳಗೂ ಕೂತಿತ್ತು. ಆದ್ರೆ ಆಗ ಮುಳ್ಳು ಮೇಲೇರಿತ್ತು, ನೀರು ಕುದಿದಿತ್ತು. ನಿಮ್ಮದು ಹಾಗಲ್ಲ. ನೀರು ಸರಿ ಇದ್ದು ಪೈಪು ಮಾತ್ರ ಕೆಂಪಾದ್ರೆ ಗಾಳಿ, ಡೀಸೆಲ್, ಲೋಡು, ಹೊಗೆ ಹೋಗೋ ದಾರಿ, ಈ ನಾಲ್ಕರಲ್ಲೇ ಹುಡುಕಿ.

ಚಿಂತಾಮಣಿಯಿಂದ (ಜನರೇಟರ್ ರಿಪೇರಿ ನನ್ನ ಕೆಲಸ):
ಅಣ್ಣ, ಗೂಡು ಬೇಯಿಸೋ ಒಲೆ ಹೊಗೆ ಜನರೇಟರ್ ಶೆಡ್ಡಿಗೆ ಬರತ್ತಾ? ರೀಲಿಂಗ್ ಕಡೆ ನಾನು ಬಿಚ್ಚಿದ ಏರ್ ಫಿಲ್ಟರುಗಳಲ್ಲಿ ಅರ್ಧಕ್ಕರ್ಧ ಮಸಿ ಮೆತ್ತಿಕೊಂಡು ರೊಟ್ಟಿ ಥರ ಆಗಿದ್ವು. ಗಾಳಿ ಸಾಲದೆ ಇದ್ರೆ ಡೀಸೆಲ್ ಪೂರ್ತಿ ಉರಿಯಲ್ಲ, ಕಪ್ಪು ಹೊಗೆ ಅದೇ. ತಟ್ಟಿ ಹಾಕ್ಬೇಡಿ, ಹೊಸದು ಹಾಕಿ.

ಆಮೇಲೆ ಇಂಜೆಕ್ಟರ್, ಅಂದ್ರೆ ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸೋ ಭಾಗ. ಲೋಡ್ ತೆಗೆದು ನಿಧಾನಕ್ಕೆ ಓಡಿಸ್ತಾ, ಒಂದೊಂದೇ ಇಂಜೆಕ್ಟರಿಗೆ ಬರೋ ಪೈಪಿನ ನಟ್ಟು ಸ್ವಲ್ಪ ಸಡಿಲ ಮಾಡ್ಬೇಕು. ಒಳ್ಳೆ ಸಿಲಿಂಡರ್ ಆದ್ರೆ ಇಂಜಿನ್ ಸದ್ದು ತಕ್ಷಣ ಕುಗ್ಗತ್ತೆ. ಸದ್ದು ಬದಲಾಗ್ಲಿಲ್ಲ ಅಂದ್ರೆ ಆ ಸಿಲಿಂಡರ್ ಕೆಲಸಾನೇ ಮಾಡ್ತಿಲ್ಲ, ಉಳಿದೆರಡು ಅದರ ಭಾರ ಹೊರ್ತಿವೆ. ಇದನ್ನ ತಿಳಿದವರ ಕೈಲೇ ಮಾಡಿಸಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗತ್ತೆ, ಬಿಸಿ ಪೈಪಿನ ಮೇಲೆ ಬಿದ್ರೆ ಬೆಂಕಿ. ಡೀಸೆಲ್ ಪಂಪಿನ ಟೈಮಿಂಗ್, ಅಂದ್ರೆ ಡೀಸೆಲ್ ಬಿಡೋ ಹೊತ್ತು, ತಡ ಆದ್ರೂ ಪೈಪು ಕಾಯತ್ತೆ. ಉರಿ ಮುಗಿಯೋ ಮೊದಲೇ ವಾಲ್ವ್ ತೆರೆದುಕೊಳ್ಳತ್ತಲ್ಲ.

ಶಿರಾದಿಂದ:
ನಾನು ಊರಿಗೆ ವಾಪಸ್ ಬರೋ ಮೊದಲು ಮಲ್ಪೆಯಲ್ಲಿ ಬೋಟ್ ಇಂಜಿನ್ ಕೆಲಸ ಮಾಡ್ತಿದ್ದೆ. ನಾನಿದ್ದ ಬೋಟಿನಲ್ಲಿ ಸಮುದ್ರದ ನೀರನ್ನೇ ಹೊಗೆ ಪೈಪಿನ ಮೊಣಕೈಗೆ ಬಿಟ್ಟು ತಣ್ಣಗೆ ಮಾಡ್ತಿದ್ರು, ಹೊಗೆ ನೀರು ಎರಡೂ ಹಿಂದಿನಿಂದ ಉಗುಳಿಕೊಂಡು ಬರ್ತಿತ್ತು. ಒಂದಿನ ಹೊಗೆಯ ರಬ್ಬರ್ ಹೋಸ್ ಸುಟ್ಟ ವಾಸನೆ. ನೋಡಿದ್ರೆ ಹೊರಗೆ ಬರೋ ನೀರು ಬೆರಳು ಗಾತ್ರ ಆಗಿತ್ತು. ಪಂಪ್ ಬಿಚ್ಚಿದ್ರೆ ನೀರು ತಳ್ಳೋ ರಬ್ಬರ್ ಚಕ್ರದ (ಇಂಪೆಲ್ಲರ್) ಮೂರು ರೆಕ್ಕೆ ಇಲ್ಲ. ಹೊಸದು ಹಾಕಿ ಹೊರಟ್ವಿ, ಮತ್ತೆ ಅದೇ ಕಥೆ. ಮುರಿದ ಮೂರು ತುಂಡು ಮುಂದಿನ ಕೂಲರಿನ ಬಾಯಲ್ಲೇ ಸಿಕ್ಕಿಕೊಂಡಿದ್ವು! ಅವನ್ನ ಎಣಿಸಿ ತೆಗೆದ ಮೇಲೂ ಪೂರ್ತಿ ಸರಿಯಾಗ್ಲಿಲ್ಲ. ಮೊಣಕೈ ಒಳಗೆ ಉಪ್ಪು, ಮಸಿ ಸೇರಿ ಗಟ್ಟಿಯಾಗಿ ದಾರಿ ಅರ್ಧ ಮುಚ್ಚಿತ್ತು.

ನಿಮ್ಮ ಜನರೇಟರಿಗೆ ಸಮುದ್ರ ಇಲ್ಲ, ಹೊಗೆಗೆ ದಾರಿ ಬೇಕು ಅನ್ನೋದು ಮಾತ್ರ ಒಂದೇ. ಇತ್ತೀಚೆಗೆ ಪೈಪಿಗೆ ಏನಾದ್ರೂ ಮಾಡಿಸಿದ್ರಾ?

ಕೇಳಿದವರು, ಶಿಡ್ಲಘಟ್ಟ:
ಸಾರ್, ಮಾಡಿಸಿದ್ದೆ. ಹೊಗೆ ಬರತ್ತೆ ಅಂತ ಪಕ್ಕದ ಮನೆಯವರು ಗಲಾಟೆ ಮಾಡಿದ್ರಿಂದ ಪೈಪನ್ನ 20 ಅಡಿ ಮೇಲಕ್ಕೆ ಏರಿಸಿದೆ, ಅದೇ ಸಣ್ಣ ಪೈಪು, ಮೂರು ಬೆಂಡು. ಬರೆಯೋದು ಮರೆತಿದ್ದೆ. ನಿನ್ನೆ ಹೊಸ ಪೈಪು ಕಳಚಿ, ಶೆಡ್ ಬಾಗಿಲು ತೆಗೆದಿಟ್ಟು ಹತ್ತು ನಿಮಿಷ ಓಡಿಸಿದೆ, ಹೊಗೆ ತೆಳುವಾಯ್ತು. ಫಿಲ್ಟರ್ ಬದಲಾಯಿಸಿದ ಮೇಲೆ ಲೋಡ್ ಹಾಕಿ ಒಂದು ಗಂಟೆ ಓಡಿಸಿದ್ರೂ ಕೆಂಪಗಾಗ್ಲಿಲ್ಲ. ಎರಡನೇ ಸಿಲಿಂಡರಿನ ಇಂಜೆಕ್ಟರ್ ಮೇಲೂ ಅನುಮಾನ ಇದೆ, ಸೋಮವಾರ ಟೆಸ್ಟಿಗೆ ಕೊಡ್ತೀನಿ. ಈಗ ದಪ್ಪ ಪೈಪು, ಒಂದೇ ಬೆಂಡು ಹಾಕಿಸ್ತೀನಿ. ಅಲ್ಲಿವರೆಗೆ ಹೊಗೆ ಕೆಳಗೇ ಬರತ್ತೆ, ಪಕ್ಕದ ಮನೆಯವರಿಗೆ ಇನ್ನೂ ಹೇಳಿಲ್ಲ.